ಕೇಳಿ ಕಲಿಯುವ ಇಂಗ್ಲಿಷ್: ಗ್ರಾಮೀಣ ಕರ್ನಾಟಕದಲ್ಲಿ ಸಮುದಾಯ ಬಾನುಲಿ ಮತ್ತು ವಾಟ್ಸ್ಆ್ಯಪ್

ಕರ್ನಾಟಕದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇಂಗ್ಲಿಷನ್ನು ಒಂದನೆಯ ತರಗತಿಯಿಂದಲೇ ಒಂದು ವಿಷಯವಾಗಿ ಕಲಿಸಲು ಶುರುಮಾಡಿದ್ದು 2007-08ರಲ್ಲಿ. ಅದಕ್ಕೂ ಮೊದಲು ಐದನೆಯ ತರಗತಿಯವರೆಗೆ ಕಾಯಬೇಕಿತ್ತು. ಆ ನಿರ್ಧಾರದ ಹಿಂದೆ ಮುಂದೆ ನಡೆದ ವಾದವಿವಾದವೆಲ್ಲ ಬಹುಪಾಲು ಮಾಧ್ಯಮದ ಪ್ರಶ್ನೆಯನ್ನೇ ಸುತ್ತಿತು. ಕಲಿಕಾ ಮಾಧ್ಯಮ ಕುರಿತ 2014ರ ಮೇ 6ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೂ ಅದೇ ಚರ್ಚೆ ಮುಂದುವರಿಯಿತು. ಕಲಿಸುವ ಇಂಗ್ಲಿಷು ಮಗುವಿನ ಕಿವಿಗೆ ಎಷ್ಟು ಬೀಳುತ್ತಿದೆ, ಬಾಯಿಂದ ಎಷ್ಟು ಹೊರಡುತ್ತಿದೆ ಎಂದು ಕೇಳಿದವರು ಕಡಿಮೆ. 2016ರ ಅಸರ್ (ವಾರ್ಷಿಕ ಶಿಕ್ಷಣ ಸ್ಥಿತಿ ವರದಿ) ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಸರಳ ಇಂಗ್ಲಿಷ್ ವಾಕ್ಯ ಓದಬಲ್ಲವರು ಶೇ. 24.5. ಎಂಟನೆಯ ತರಗತಿಯಲ್ಲಿ 2009ರಲ್ಲಿ ಶೇ. 60.2 ಇದ್ದ ಪ್ರಮಾಣ 2016ಕ್ಕೆ ಶೇ. 45.2ಕ್ಕೆ ಇಳಿದಿತ್ತು. ಇದು ಓದಿನ ಲೆಕ್ಕ ಮಾತ್ರ. ಮಾತಿನ ಲೆಕ್ಕವನ್ನು ಆ ಸಮೀಕ್ಷೆ ತೆಗೆದಿಲ್ಲ.

ಶಾಲೆ ಬಿಟ್ಟವರದು ಇನ್ನೊಂದು ಕತೆ. ಎಸ್ಸೆಸ್ಸೆಲ್ಸಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವ ಹುಡುಗ, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವ ಗೃಹಿಣಿ, ಔಷಧಿ ಸಿಂಪಡಿಸುವ ರೈತ, ಇವರಿಗೆಲ್ಲ ಇಂಗ್ಲಿಷು ದಿನವೂ ಎದುರಾಗುತ್ತದೆ. ಕಲಿಸುವ ವ್ಯವಸ್ಥೆ ಮಾತ್ರ ಯಾವುದೂ ಇಲ್ಲ. ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಸಿಗುವ ‘ಮೂವತ್ತು ದಿನಗಳಲ್ಲಿ ಇಂಗ್ಲಿಷ್’ ಮಾದರಿಯ ಪುಸ್ತಕಗಳು, ಅವುಗಳ ಜಾಗಕ್ಕೆ ಈಗ ಬಂದಿರುವ ಯೂಟ್ಯೂಬ್ ವಿಡಿಯೊಗಳು ಈ ಕೊರತೆಯ ಮೇಲೆಯೇ ಬೆಳೆದ ವ್ಯಾಪಾರ. ಈ ಕಲಿಕೆಗೆ ಸಮುದಾಯ ಬಾನುಲಿ ಕೇಂದ್ರವೇ ತಕ್ಕ ಜಾಗ, ವಾಟ್ಸ್ಆ್ಯಪ್‌ನಂಥ ಸಾಮಾಜಿಕ ಮಾಧ್ಯಮ ಅದರ ಉತ್ತರ ಬರುವ ದಾರಿಯಾಗಿರಬೇಕು ಎಂಬುದು ಈ ಲೇಖನದ ವಾದ. ಈಗ ನಡೆಯುತ್ತಿರುವುದು ಬಹುತೇಕ ತದ್ವಿರುದ್ಧ: ಪಾಠವೆಲ್ಲ ಮೊಬೈಲಿನಲ್ಲಿ, ರೇಡಿಯೊಗೆ ಹಾಡು ಮತ್ತು ಪ್ರಕಟಣೆ.

ರೇಡಿಯೊ ಮೂಲಕ ಇಂಗ್ಲಿಷ್ ಕಲಿಸುವ ಯತ್ನ ಹೊಸದಲ್ಲ. ಬಿಬಿಸಿ ತನ್ನ ‘ಇಂಗ್ಲಿಷ್ ಬೈ ರೇಡಿಯೊ’ ಆರಂಭಿಸಿದ್ದು 1943ರಲ್ಲಿ. ಅಲ್ಲಿ ಕೇಳುಗ ಕೇಳುಗನಾಗಿಯೇ ಉಳಿದ. ಬದಲಾವಣೆ ಬಂದದ್ದು ಗಣಿತದ ಕಡೆಯಿಂದ. 1974ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ತಂಡ ನಿಕರಾಗುವಾದಲ್ಲಿ ರೇಡಿಯೊ ಗಣಿತ ಯೋಜನೆ ಆರಂಭಿಸಿದಾಗ ಪಾಠದ ನಡುನಡುವೆ ಪ್ರಶ್ನೆ ಹಾಕಿ, ಕೆಲವು ಸೆಕೆಂಡು ಸುಮ್ಮನಿದ್ದು, ಮಕ್ಕಳು ಗಟ್ಟಿಯಾಗಿ ಉತ್ತರ ಹೇಳುವಂತೆ ಮಾಡುವ ಪದ್ಧತಿ ರೂಪುಗೊಂಡಿತು. ಅದನ್ನೇ ಭಾಷೆಗೆ ಅಳವಡಿಸಿದ್ದು 1980ರಿಂದ 1985ರವರೆಗೆ ಕೀನ್ಯಾದಲ್ಲಿ ನಡೆದ ಯೋಜನೆ. ಹಳ್ಳಿ ಶಾಲೆಗಳ ಮೊದಲ ಮೂರು ತರಗತಿಗಳಿಗೆ ರೇಡಿಯೊದಲ್ಲಿ ಇಂಗ್ಲಿಷ್ ಪಾಠ. ತರಗತಿಯ ಶಿಕ್ಷಕರು ಪಕ್ಕದಲ್ಲಿದ್ದು ನಡೆಸಿಕೊಡುವವರು. ನಮ್ಮಲ್ಲಿ 2000ರ ದಶಕದಲ್ಲಿ ಆಕಾಶವಾಣಿಯ ಮೂಲಕ ಶಾಲೆಗಳಿಗೆ ಬಂದ ‘ಚಿನ್ನರ ಚುಕ್ಕಿ’ ಇದೇ ವಂಶದ ಕೂಸು.

ಇಲ್ಲಿ ಮುಖ್ಯವಾದದ್ದು ಆ ಕೆಲವು ಸೆಕೆಂಡುಗಳ ಬಿಡುವು. ರೇಡಿಯೊ ಕೆಲಸ ಮಾಡುವವರಿಗೆ ಅದು ಭಯದ ವಿಷಯ. ‘ಡೆಡ್ ಏರ್’ ಎಂದು ಅದಕ್ಕೆ ಬೈಗುಳದ ಹೆಸರೇ ಇದೆ. ನಾಲ್ಕು ಸೆಕೆಂಡು ದನಿ ನಿಂತರೆ ನಿರೂಪಕರ ಕೈ ತಾನಾಗಿ ಹಾಡಿನ ಗುಂಡಿಯ ಮೇಲೆ ಹೋಗುತ್ತದೆ. ಭಾಷೆ ಕಲಿಯುವವರಿಗೆ ಬೇಕಾದ್ದು ಆ ನಾಲ್ಕು ಸೆಕೆಂಡೇ. ವಾಕ್ಯ ಕೇಳಿಸಬೇಕು, ಬಿಡುವು ಕೊಡಬೇಕು, ಅದೇ ವಾಕ್ಯವನ್ನು ಮತ್ತೊಮ್ಮೆ ಹೇಳಿ ತಾನು ಹೇಳಿದ್ದು ಸರಿಯೇ ಎಂದು ಕೇಳುಗರು ಒರೆ ಹಚ್ಚಿಕೊಳ್ಳಲು ಬಿಡಬೇಕು. ಬಿಡುವಿನಲ್ಲಿ ತಾಳದ ಸಣ್ಣ ಸದ್ದು ಇಟ್ಟರೆ ರೇಡಿಯೊ ಕೆಟ್ಟಿತೆಂದು ಯಾರೂ ಆಫ್ ಮಾಡುವುದಿಲ್ಲ. ಇಷ್ಟನ್ನು ಪಾಲಿಸದ ರೇಡಿಯೊ ಪಾಠವನ್ನು ಭಾಷಣವೆಂದೇ ಕರೆಯಬೇಕು.

ಈ ಕೆಲಸಕ್ಕೆ ಆಕಾಶವಾಣಿಯಂಥ ದೊಡ್ಡ ಕೇಂದ್ರ ಸಾಲದೇ? ಸಾಲದು, ಕಾರಣ ಉಚ್ಚಾರಣೆಯಲ್ಲಿದೆ. ಕನ್ನಡಿಗರು ಇಂಗ್ಲಿಷಿನಲ್ಲಿ ಎಡವುವುದು ಎಲ್ಲೆಡೆ ಒಂದೇ ಕಡೆ ಅಲ್ಲ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಪದದ ಮೊದಲ ಹಕಾರ ಬಿದ್ದುಹೋಗುತ್ತದೆ: ಹಾಲು ‘ಆಲು’, ಹೋಟೆಲ್ಲು ‘ಓಟ್ಲು’. ಅಲ್ಲಿನ ಕಲಿಯುವವರಿಗೆ ‘ಹೀಟ್’ ಮತ್ತು ‘ಈಟ್’ ಬೇರೆಬೇರೆ ಎಂದು ಕಿವಿಗೆ ಕೂರಿಸಲು ಒಂದು ವಾರವನ್ನೇ ಕೊಡಬೇಕಾದೀತು. ಕಲಬುರಗಿಯಲ್ಲೋ ವಿಜಯಪುರದಲ್ಲೋ ಈ ತೊಂದರೆ ಅಷ್ಟಿಲ್ಲ. ಮೇಲಾಗಿ ‘ಬ್ಯಾಟ್’, ‘ಮ್ಯಾಪ್’ಗಳ ಸ್ವರ ಅವರಿಗೆ ‘ಬ್ಯಾಡ’, ‘ಮ್ಯಾಲೆ’ಗಳಿಂದ ಆಗಲೇ ಕರಗತ. ವೈಯಾಕರಣರು ಗ್ರಾಮ್ಯವೆಂದು ತಳ್ಳಿದ ಆ ಉಚ್ಚಾರಣೆ ಇಲ್ಲಿ ಸೊಗಸಾಗಿ ಕೆಲಸಕ್ಕೆ ಬರುತ್ತದೆ. ‘ಎ’, ‘ಒ’ ಮೊದಲಿಗೆ ಬಂದಾಗ ಯಕಾರ, ವಕಾರ ಸೇರಿಸಿ ‘ಯೆಗ್’, ‘ವೊನ್ಲಿ’ ಎನ್ನುವುದು ಹೆಚ್ಚು ಕಡಿಮೆ ಎಲ್ಲರಲ್ಲೂ ಇದೆ. ಪದದ ಕೊನೆಗೆ ಸ್ವರ ಹಚ್ಚಿ ಬಸ್ಸು, ಲೈಟು ಮಾಡುವುದೂ ಹಾಗೆಯೇ. ‘ಶಿಪ್’, ‘ಶೀಪ್’ ವ್ಯತ್ಯಾಸ ಮಾತ್ರ ಕನ್ನಡಿಗರಿಗೆ ಅನೇಕ ಭಾಷಿಕರಿಗಿಂತ ಸುಲಭ, ಹ್ರಸ್ವ ದೀರ್ಘ ನಮ್ಮ ಭಾಷೆಯಲ್ಲೇ ಅರ್ಥ ಬದಲಿಸುತ್ತವೆ. ರಾಜ್ಯಕ್ಕೆಲ್ಲ ಒಂದೇ ಪಾಠ ಮಾಡಿದರೆ ಇಂಥ ಕಡೆ ಅರ್ಧ ಕೇಳುಗರಿಗೆ ಬೇಸರ, ಇನ್ನರ್ಧಕ್ಕೆ ಅವಸರ.

ವಾಕ್ಯರಚನೆಯಲ್ಲೂ ಪಾಠ ಕನ್ನಡದಿಂದಲೇ ಹೊರಡಬೇಕು. ‘ನನಗೆ ಕನ್ನಡ ಬರುತ್ತದೆ’, ‘ನನಗೆ ಹಸಿವಾಗಿದೆ’, ‘ನನಗೆ ಕೆಲಸ ಬೇಕು’: ಮೂರರಲ್ಲೂ ಕನ್ನಡ ಚತುರ್ಥಿಯನ್ನು ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ಮೂರೂ ‘ಐ’ ಎಂದೇ ಆರಂಭ: ಐ ನೋ ಕನ್ನಡ, ಐ ಆ್ಯಮ್ ಹಂಗ್ರಿ, ಐ ನೀಡ್ ಎ ಜಾಬ್. ಈ ಮೂರನ್ನು ಒಂದೇ ಕಂತಿನಲ್ಲಿ ಜೋಡಿಸಿ ಕೇಳಿಸಿದರೆ ವ್ಯಾಕರಣದ ಪರಿಭಾಷೆಯ ಹಂಗಿಲ್ಲದೆ ವ್ಯತ್ಯಾಸ ತಿಳಿಯುತ್ತದೆ. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕೆಂಬ ನಗರದ ಹಟ ರೇಡಿಯೊದಲ್ಲಿ ನಡೆಯುವುದಿಲ್ಲ. ಅರ್ಥವಾಗದ ದನಿಯನ್ನು ಯಾರೂ ಹದಿನೈದು ನಿಮಿಷ ಕೇಳುವುದಿಲ್ಲ. ಎಚ್.ಡಿ. ಕೋಟೆ, ಸರಗೂರು ಭಾಗದ ಜೇನುಕುರುಬರ ಹಾಡಿಗಳಲ್ಲಿ ಕನ್ನಡವೇ ಎರಡನೆಯ ಭಾಷೆ ಎಂಬುದನ್ನೂ ಇದರೊಂದಿಗೆ ನೆನೆಯಬೇಕು. ಅಲ್ಲಿನ ಪಾಠ ಇನ್ನೂ ಒಂದು ಮೆಟ್ಟಿಲು ಹಿಂದಿನಿಂದ ಶುರುವಾಗಬೇಕು. ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ‘ಜನಧ್ವನಿ’ಯಂಥ ಕೇಂದ್ರಕ್ಕೆ ಮಾತ್ರ ಅದು ಸಾಧ್ಯ.

ಅಂಥ ಕೇಂದ್ರಗಳು ಹುಟ್ಟಿದ ದಾರಿ ಉದ್ದದ್ದು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಪುಟ್ಟ ಬಾನುಲಿ ನಡೆಸಿದ್ದರು. ಆನಂತರ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪ್ರಸಾರವೆಲ್ಲ ಸರ್ಕಾರದ ಕೈಯಲ್ಲೇ ಇತ್ತು. ತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರ ಫೆಬ್ರವರಿಯಲ್ಲಿ. ಸಮುದಾಯ ಸಂಸ್ಥೆಗಳಿಗೆ ಪರವಾನಗಿ ಸಿಗುವಂತಾದದ್ದು 2006ರ ನವೆಂಬರ್‌ನಲ್ಲಿ. ಪರವಾನಗಿ ಸಿಗದ ಕಾಲದಲ್ಲೂ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ 2003ರಲ್ಲಿ ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ಕಾರ್ಯಕ್ರಮ ಮುಟ್ಟಿಸಿತು. ಈಗಿನ ನಿಯಮದಂತೆ ಪ್ರಸರಣ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮೀರುವಂತಿಲ್ಲ, ತಲುಪುವುದು ಸುಮಾರು ಹತ್ತು ಕಿಲೋಮೀಟರು. ಸುದ್ದಿಯನ್ನು ಸ್ವಂತವಾಗಿ ಹೇಳುವಂತಿಲ್ಲ, ಭಾಷೆಯ ಪಾಠಕ್ಕೆ ಅಡ್ಡಿ ಇಲ್ಲ. ದೇಶದಲ್ಲಿ ಇಂಥ ಕೇಂದ್ರಗಳ ಸಂಖ್ಯೆ 500 ದಾಟಿದೆ. ಹತ್ತು ಕಿಲೋಮೀಟರಿನ ಮಿತಿಯನ್ನು ಕೊರತೆ ಎಂದು ಎಣಿಸುವವರೇ ಹೆಚ್ಚು. ಉಚ್ಚಾರಣೆ ತಿದ್ದುವ ಪಾಠಕ್ಕೆ ಅದು ಅನುಕೂಲ.

ಇನ್ನು ಮೊಬೈಲಿಗೆ ಬರೋಣ. ರೇಡಿಯೊಗೆ ಎರಡು ಕೆಲಸ ಆಗುವುದಿಲ್ಲ: ಅಕ್ಷರ ತೋರಿಸುವುದು, ಕೇಳುಗರ ದನಿ ಕೇಳಿಸಿಕೊಳ್ಳುವುದು. ಔಷಧಿ ಬಾಟಲಿಯ ಚೀಟಿಯನ್ನೇ ತೆಗೆದುಕೊಳ್ಳಿ. ಕೀಟನಾಶಕದ ಡಬ್ಬಿಯ ಮೇಲೆ ವಿಷದ ತೀವ್ರತೆಗೆ ತಕ್ಕಂತೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತು ಇರಬೇಕೆಂದು 1971ರ ನಿಯಮಾವಳಿ ಹೇಳುತ್ತದೆ. ಬಣ್ಣ ರೈತರಿಗೆ ಗೊತ್ತು. ಪಕ್ಕದ ‘ಪಾಯ್ಸನ್’, ‘ಎಕ್ಸ್‌ಪೈರಿ ಡೇಟ್’, ‘ಆ್ಯಂಟಿಡೋಟ್’ ಸಣ್ಣಕ್ಷರದಲ್ಲಿ ಅಡಗಿರುತ್ತವೆ. ಪಾಠ ಹೀಗೆ ನಡೆಯಬಹುದು. ಸಂಜೆಯ ಕಂತಿನಲ್ಲಿ ಮಾವ ಸೊಸೆಯ ಮಾತುಕತೆ: “ಏನಮ್ಮಾ, ಇದರ ಮೇಲೇನೋ ಬರೆದವ್ರೆ, ಓದು ನೋಡೋಣ.” “ಕೀಪ್ ಔಟ್ ಆಫ್ ರೀಚ್ ಆಫ್ ಚಿಲ್ಡ್ರನ್ ಅಂತ ಐತೆ ಮಾವ. ಮಕ್ಕಳ ಕೈಗೆ ಸಿಗದಂಗೆ ಇಡಬೇಕಂತೆ.” ಆಮೇಲೆ ವಾಕ್ಯ ತುಂಡುತುಂಡಾಗಿ, ಪ್ರತಿ ತುಂಡಿಗೂ ಬಿಡುವು. ಕಂತು ಮುಗಿದ ಮೇಲೆ ಚೀಟಿಯ ಚಿತ್ರ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ, ಕಿವಿಗೆ ಬಿದ್ದ ಪದ ಕಣ್ಣಿಗೂ ಬೀಳುತ್ತದೆ. ಕೇಳುಗರು ತಮ್ಮ ಮನೆಯ ಡಬ್ಬಿಯ ಮೇಲಿನ ತಾರೀಖು ಓದಿ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಮರುದಿನದ ಕಂತು ಶುರುವಾಗುವುದು ಅವುಗಳಲ್ಲಿ ನಾಲ್ಕೈದು ದನಿಗಳಿಂದ, ಒಪ್ಪಿಗೆ ಕೊಟ್ಟವರ ದನಿಗಳಿಂದ. ಬೆಂಗಳೂರಿಗೆ ಕೆಲಸಕ್ಕೆ ಹೋಗುವವರಿಗೆ ಬೇರೆಯೇ ಸರಣಿ ಬೇಕು, ಅಲ್ಲಿ ಮಾತೇ ಮುಖ್ಯ. ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಎಂಬ ಒಂದು ಪ್ರಶ್ನೆಗೇ ಮೂರು ಕಂತು ಬೇಕು.

ಮೊಬೈಲ್ ಮೂಲಕವೇ ಪೂರ್ತಿ ಕಲಿಸಿದರೇನು ಎಂಬ ಪ್ರಶ್ನೆಗೆ ಬಾಂಗ್ಲಾದೇಶದ ಉದಾಹರಣೆ ಇದೆ. ಬಿಬಿಸಿಯ ‘ಜನಾಲಾ’ 2009ರ ನವೆಂಬರ್‌ನಲ್ಲಿ ಆರಂಭವಾಯಿತು. 3000 ಸಂಖ್ಯೆಗೆ ಕರೆ ಮಾಡಿದರೆ ಮೂರು ನಿಮಿಷದ ಇಂಗ್ಲಿಷ್ ಪಾಠ. ಸಾಮಾನ್ಯ ಕೀಪ್ಯಾಡ್ ಫೋನು ಸಾಕಾಗಿದ್ದರಿಂದ ಲಕ್ಷಾಂತರ ಜನ ಬಳಸಿದರು. ಅದರ ಜಾಣತನ ಇದ್ದದ್ದು ಅಂತರ್ಜಾಲ ಬೇಡದ ಕರೆಯಲ್ಲಿ. ನಮ್ಮ ಮಧ್ಯಭಾರತದಲ್ಲಿ 2010ರಿಂದ ನಡೆದ ‘ಸಿಜಿನೆಟ್ ಸ್ವರ’ ಎಂಬ ಧ್ವನಿ ವೇದಿಕೆಯೂ ಕರೆಯನ್ನೇ ನಂಬಿತು. ಸ್ಮಾರ್ಟ್‌ಫೋನನ್ನೇ ನಂಬಿದರೆ ಯಾರು ಹೊರಗುಳಿಯುತ್ತಾರೆಂಬುದನ್ನು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ತೋರಿಸುತ್ತದೆ: ಗ್ರಾಮೀಣ ಭಾರತದ ಮಹಿಳೆಯರಲ್ಲಿ ತಾವೇ ಬಳಸುವ ಮೊಬೈಲು ಇದ್ದವರು ಶೇ. 46.6, ಒಮ್ಮೆಯಾದರೂ ಅಂತರ್ಜಾಲ ಬಳಸಿದವರು ಶೇ. 24.6. ಆ ಸಮೀಕ್ಷೆಯ ನಂತರ ಫೋನುಗಳು ಹೆಚ್ಚಿವೆ, ನಿಜ. ಸಂಜೆ ಮನೆಯ ಒಂದೇ ಫೋನು ಮಗನ ಕೈಯಲ್ಲಿರುವ ಪರಿಸ್ಥಿತಿ ಅಷ್ಟು ಬೇಗ ಬದಲಾಗುವಂಥದ್ದಲ್ಲ.

ಗುಂಪಿನ ತೊಡಕು ಇನ್ನೊಂದು. ವಾಟ್ಸ್ಆ್ಯಪ್ ಗುಂಪು ಕಟ್ಟಿದರೆ ಎಲ್ಲರ ನಂಬರೂ ಎಲ್ಲರಿಗೂ ಕಾಣಿಸುತ್ತದೆ. ಹೆಣ್ಣುಮಕ್ಕಳು ಸೇರಲು ಹಿಂದೆಗೆಯುವುದಕ್ಕೆ ಅಷ್ಟೇ ಸಾಕು. ಸೇರಿದರೂ ತಪ್ಪು ಇಂಗ್ಲಿಷನ್ನು ನಲವತ್ತು ಜನರೆದುರು ಆಡುವ ನಾಚಿಕೆ. ಬ್ರಾಡ್‌ಕಾಸ್ಟ್ ಲಿಸ್ಟ್ ಬಳಸಿದರೆ ಪಾಠ ಎಲ್ಲರಿಗೂ ಹೋಗುತ್ತದೆ, ಉತ್ತರ ಕೇಂದ್ರಕ್ಕೆ ಮಾತ್ರ ಬರುತ್ತದೆ. ಒಂದು ಪಟ್ಟಿಗೆ 256 ಜನರ ಮಿತಿ, ಕೇಂದ್ರದ ನಂಬರನ್ನು ಕೇಳುಗರು ಸೇವ್ ಮಾಡಿಕೊಂಡಿರಬೇಕು. ಹತ್ತು ಕಿಲೋಮೀಟರಿನ ಕೇಂದ್ರಕ್ಕೆ ಇಂಥ ಕೆಲವು ಪಟ್ಟಿಗಳನ್ನು ನಡೆಸುವುದು ಕಷ್ಟವಲ್ಲ. ಫೋನೇ ಇಲ್ಲದವರಿಗೆ ಮಿಸ್ಡ್ ಕಾಲ್ ಕೊಟ್ಟು ಮರಳಿ ಕರೆ ಪಡೆಯುವ ಹಳೆಯ ಉಪಾಯವೇ ಗತಿ, ಅದೂ ನೆರೆಮನೆಯ ಫೋನಿನಿಂದ.

ಹಾಗೆಂದು ರೇಡಿಯೊ ಎಲ್ಲರ ಮನೆಯಲ್ಲಿದೆ ಎಂದು ನಂಬಿಕೊಳ್ಳುವುದೂ ತಪ್ಪು. ರೇಡಿಯೊ ಪೆಟ್ಟಿಗೆ ಬಹಳಷ್ಟು ಮನೆಗಳಿಂದ ಮರೆಯಾಗಿದೆ; ಎಫ್‌ಎಂ ಕೇಳುವುದು ಫೋನಿನಲ್ಲಿ. ಫೋನಿನ ಎಫ್‌ಎಂಗೆ ಇಯರ್‌ಫೋನಿನ ತಂತಿಯೇ ಆಂಟೆನಾ. ತಂತಿ ಇಲ್ಲದ ಇಯರ್‌ಬಡ್ ಬಂದ ಮೇಲೆ ಅದೂ ಹೋಯಿತು, ಹೊಸ ಫೋನುಗಳಲ್ಲಿ ಎಫ್‌ಎಂ ಸೌಲಭ್ಯವನ್ನೇ ತೆಗೆಯುವ ಕಂಪನಿಗಳೂ ಇವೆ. ಎಫ್‌ಎಂ ಇರುವಂತೆ ನೋಡಿಕೊಳ್ಳಿ ಎಂದು ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯ 2023ರ ಏಪ್ರಿಲ್‌ನಲ್ಲಿ ತಯಾರಕರಿಗೆ ಸಲಹೆ ಕೊಟ್ಟದ್ದು ಈ ಹಿನ್ನೆಲೆಯಲ್ಲಿ. ಇದಕ್ಕಿಂತ ಮುಖ್ಯವಾದ ಪರಿಹಾರ ಒಟ್ಟಿಗೆ ಕೂತು ಕೇಳುವುದು. 1956ರಲ್ಲಿ ಪುಣೆಯ ಸುತ್ತಣ ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಯುನೆಸ್ಕೊ ನೆರವಿನಿಂದ ಆಕಾಶವಾಣಿ ನಡೆಸಿದ ಗ್ರಾಮ ರೇಡಿಯೊ ವೇದಿಕೆಗಳನ್ನು ಸಮಾಜಶಾಸ್ತ್ರಜ್ಞ ಪಾಲ್ ನ್ಯೂರತ್ ಅಧ್ಯಯನ ಮಾಡಿದರು. ಬರೀ ರೇಡಿಯೊ ಇದ್ದ ಹಳ್ಳಿಗಳಿಗಿಂತ, ಕೇಳಿ ಕೂತು ಚರ್ಚಿಸಿದ ಹಳ್ಳಿಗಳಲ್ಲಿ ತಿಳಿವಳಿಕೆ ಬಹಳ ಹೆಚ್ಚಿತ್ತು. ಅದು ಕೃಷಿ, ಆರೋಗ್ಯದ ವಿಷಯ. ಭಾಷೆಗೆ ಅದು ಇನ್ನೂ ಹೆಚ್ಚು ಒಪ್ಪುತ್ತದೆ, ಏಕೆಂದರೆ ಮಾತಾಡಲು ಎದುರಿಗೊಬ್ಬರು ಬೇಕು. ಸ್ವಸಹಾಯ ಸಂಘದ ವಾರದ ಸಭೆಗೆ ಹೇಗೂ ಹತ್ತಾರು ಮಹಿಳೆಯರು ಸೇರುತ್ತಾರೆ. ಉಳಿತಾಯದ ಲೆಕ್ಕ ಮುಗಿದ ಮೇಲೆ ಒಂದು ಸ್ಪೀಕರ್, ಹದಿನೈದು ನಿಮಿಷ, ನಡೆಸಿಕೊಡಲು ಊರಿನಲ್ಲೇ ಪಿಯುಸಿ ಓದಿದ ಒಬ್ಬ ಹುಡುಗಿ. ಆ ಹುಡುಗಿಗೆ ತಿಂಗಳ ಗೌರವಧನ ಕೊಡದ ಯೋಜನೆ ಆರು ತಿಂಗಳು ದಾಟುವುದಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಹಣದ ಪ್ರಶ್ನೆ ಅಲ್ಲೇ ಇದೆ. 2024ರಲ್ಲಿ ಸಮುದಾಯ ಬಾನುಲಿಗೆ ಗಂಟೆಗೆ 7 ನಿಮಿಷ ಇದ್ದ ಜಾಹೀರಾತಿನ ಮಿತಿ 12 ನಿಮಿಷಕ್ಕೆ ಏರಿತು. ಹಳ್ಳಿಯ ಅಂಗಡಿಗಳ ಜಾಹೀರಾತಿನಿಂದ ಪಾಠ ಬರೆಯುವವರ ಸಂಬಳ ಹುಟ್ಟುವುದು ಅನುಮಾನ. ಬೆಂಗಳೂರಿನಲ್ಲಿ 1963ರಿಂದ ಇಂಗ್ಲಿಷ್ ಶಿಕ್ಷಕರನ್ನು ತರಬೇತುಗೊಳಿಸುತ್ತಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ಪಾಠ ಬರೆಯುವ ಹೊಣೆಯನ್ನು ಅಂಥ ಸಂಸ್ಥೆ ಹೊತ್ತು, ದನಿ ಮತ್ತು ಉದಾಹರಣೆಗಳನ್ನು ಆಯಾ ಕೇಂದ್ರಕ್ಕೆ ಬಿಟ್ಟುಕೊಟ್ಟರೆ ಖರ್ಚು ಹಂಚಿಹೋಗುತ್ತದೆ.

ಕೇಂದ್ರ ನಡೆಸುವವರಲ್ಲಿ ಕೊನೆಯದಾಗಿ ಒಂದು ಕೋರಿಕೆ. ಇಂಥ ಸರಣಿ ಆರಂಭಿಸುವುದಾದರೆ ಮೊದಲ ವಾರವೇ, ಪಾಠಕ್ಕೂ ಮುನ್ನ, ಕೇಳುಗರಿಂದ ಹತ್ತು ವಾಕ್ಯ ಹೇಳಿಸಿ ಮುದ್ರಿಸಿಟ್ಟುಕೊಳ್ಳಿ; ಸರಣಿ ಮುಗಿದ ಮೇಲೆ ಅದೇ ವಾಕ್ಯಗಳನ್ನು ಮತ್ತೆ ಮುದ್ರಿಸಿ. ಅವರ ಒಪ್ಪಿಗೆ ಪಡೆದು, ಹೆಸರು ತೆಗೆದು, ಆ ಧ್ವನಿಮುದ್ರಿಕೆಗಳನ್ನು ಯಾವುದಾದರೂ ವಿಶ್ವವಿದ್ಯಾಲಯದ ಭಾಷಾವಿಜ್ಞಾನ ವಿಭಾಗಕ್ಕೆ ಕೊಡಿ. ಕನ್ನಡದ ಯಾವ ಪ್ರದೇಶದವರು ಇಂಗ್ಲಿಷಿನಲ್ಲಿ ಎಲ್ಲಿ ಎಡವುತ್ತಾರೆ, ಎಲ್ಲಿ ಬೇಗ ಕಲಿಯುತ್ತಾರೆ ಎಂಬುದನ್ನು ತೀರ್ಮಾನಿಸಲು ಅಂಥ ಧ್ವನಿಮುದ್ರಿಕೆಗಳೇ ಬೇಕು.