ಜಕೂಝಿ ಟಬ್ ಹೊರಗೆ ಫಳಫಳ, ಪೈಪಿನೊಳಗೆ ಕೊಳೆ: ಮನೆಯಲ್ಲೇ ಕ್ಲೀನ್ ಮಾಡೋದು ಹೇಗೆ?

ರೆಸಾರ್ಟ್, ಹೋಂಸ್ಟೇಗಳಲ್ಲಿ ಕಾಣುತ್ತಿದ್ದ ಜೆಟ್ ಬಾತ್‌ಟಬ್ ಈಗ ಹೊಸದಾಗಿ ಕಟ್ಟಿಸಿದ ಕೆಲವು ಮನೆಗಳಿಗೂ ಬಂದಿದೆ. ಇದನ್ನು ಜಕೂಝಿ ಅಂತಾರೆ. ಅಸಲಿಗೆ ಅದು ಒಂದು ಕಂಪನಿಯ ಹೆಸರು. ಟಬ್ ಉಜ್ಜಿ ಒರೆಸಿದ್ರೆ ಕೆಲಸ ಮುಗೀತು ಅಂದುಕೊಂಡರೆ ತಪ್ಪು. ಇದರ ಕೊಳೆ ಇರೋದು ಕಣ್ಣಿಗೆ ಕಾಣದ ಪೈಪಿನಲ್ಲಿ.

ಕೊಳೆ ಸೇರೋದು ಹೇಗೆ?

ಮೋಟಾರ್ ಟಬ್‌ನ ನೀರನ್ನೇ ಎಳೆದು, ಗಾಳಿ ಬೆರೆಸಿ ಜೆಟ್‌ಗಳಿಂದ ಚಿಮ್ಮಿಸುತ್ತದೆ. ಸೋಪು, ಮೈಬೆವರು, ಎಣ್ಣೆ ಎಲ್ಲವೂ ಅದೇ ದಾರಿಯಲ್ಲಿ ಸುತ್ತುತ್ತವೆ. ನೀರು ಬಿಟ್ಟ ಮೇಲೂ ಪೈಪಿನಲ್ಲಿ ಸ್ವಲ್ಪ ನೀರು ಉಳಿಯುತ್ತದೆ. ಅಲ್ಲಿ ಲೋಳೆಯ ಪದರ ಕಟ್ಟಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಜೆಟ್ ಆನ್ ಮಾಡಿದಾಗ ಕಪ್ಪು ಚೂರು ಬಂದ್ರೆ, ವಾಸನೆ ಹೊಡೆದ್ರೆ ಇದೇ ಕಾರಣ ಇರಬಹುದು.

ಬಿಟ್ಟರೆ ಏನಾಗುತ್ತೆ?

ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಜೆಟ್‌ನಿಂದ ಏಳುವ ಸಣ್ಣ ಹನಿಗಳ ಜತೆ ಶ್ವಾಸಕೋಶ ಸೇರಿದ್ರೆ ನ್ಯುಮೋನಿಯಾ ಬರಬಹುದು. 1999ರಲ್ಲಿ ನೆದರ್ಲೆಂಡ್ಸ್‌ನ ಹೂವಿನ ಪ್ರದರ್ಶನವೊಂದರಲ್ಲಿ ಬರೀ ತೋರಿಸಲು ಇಟ್ಟಿದ್ದ ಇಂಥ ಬಿಸಿನೀರಿನ ಟಬ್‌ನಿಂದ ಸೋಂಕು ಹರಡಿ ಸುಮಾರು 30 ಮಂದಿ ಸತ್ತರು. ಅದರಲ್ಲಿ ಸ್ನಾನ ಮಾಡಬೇಕಿರಲಿಲ್ಲ, ಪಕ್ಕದಲ್ಲಿ ಹಾದುಹೋಗಿದ್ದೇ ಸಾಕಾಯ್ತು. ವಯಸ್ಸಾದವರು, ಬೀಡಿ-ಸಿಗರೇಟು ಸೇದುವವರು, ಶ್ವಾಸಕೋಶದ ಕಾಯಿಲೆ ಇರುವವರಿಗೆ ಅಪಾಯ ಹೆಚ್ಚು.

ಕ್ಲೀನ್ ಮಾಡುವ ಕ್ರಮ

ಮನೆಯಲ್ಲಿ ತಿಂಗಳಿಗೊಮ್ಮೆಯಾದ್ರೂ ಮಾಡಿ. ಹೋಂಸ್ಟೇಯವರು ಇನ್ನೂ ಬೇಗ ಬೇಗ ಮಾಡಬೇಕು. ಟಬ್ ಜತೆ ಬಂದ ಪುಸ್ತಕದಲ್ಲಿ ಬೇರೆ ಸೂಚನೆ ಇದ್ರೆ ಅದನ್ನೇ ಪಾಲಿಸಿ.

1. ಜೆಟ್‌ಗಳಿಗಿಂತ ಎರಡು-ಮೂರು ಇಂಚು ಮೇಲಕ್ಕೆ ಬಿಸಿನೀರು ತುಂಬಿ. ಗಾಳಿಯ ನಾಬ್ ಮುಚ್ಚಿ.
2. ಡಿಶ್‌ವಾಷರ್ ಮೆಷಿನ್‌ಗೆ ಹಾಕುವ ಪುಡಿ 2 ಚಮಚ ಹಾಕಿ, 15 ನಿಮಿಷ ಜೆಟ್ ಓಡಿಸಿ, ನೀರು ಬಿಡಿ. ಕೈಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ, ನೊರೆ ಬಾತ್‌ರೂಮ್ ತುಂಬುತ್ತೆ.
3. ತಣ್ಣೀರು ತುಂಬಿ, ಅರ್ಧ ಕಪ್ ಬ್ಲೀಚ್ ಹಾಕಿ ಮತ್ತೆ 10-15 ನಿಮಿಷ ಓಡಿಸಿ, ನೀರು ಬಿಡಿ. ಕಿಟಕಿ ತೆರೆದಿರಲಿ.
4. ಕೊನೆಗೆ ಬರೀ ತಣ್ಣೀರು ತುಂಬಿ 10 ನಿಮಿಷ ಓಡಿಸಿ ಬಿಟ್ಟುಬಿಡಿ. ಈ ನೀರನ್ನು ಬಕೆಟ್‌ಗೆ ಹಿಡಿದಿಟ್ಟರೆ ಟಾಯ್ಲೆಟ್‌ಗೆ ಆಗುತ್ತೆ.

ಬೋರ್‌ವೆಲ್‌ನ ಗಡಸು ನೀರಿದ್ದರೆ ಜೆಟ್ ಬಾಯಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ತಿರುಗಿಸಿ ಬಿಚ್ಚಲು ಬರುವಂಥ ಜೆಟ್ ಆದ್ರೆ ಬಿಚ್ಚಿ, ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಅರ್ಧ ಗಂಟೆ ನೆನೆಸಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಇದನ್ನು ಬ್ಲೀಚ್ ಹಾಕಿದ ದಿನ ಮಾಡಬೇಡಿ.

ಈ ತಪ್ಪು ಬೇಡವೇ ಬೇಡ

ಬ್ಲೀಚ್ ಜತೆ ಬಾತ್‌ರೂಮ್ ಆಸಿಡ್ ಅಥವಾ ವಿನೆಗರ್ ಸೇರಿದ್ರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಇದು ಪ್ರಾಣಕ್ಕೇ ಕುತ್ತು. ಕಣ್ಣು ಉರಿ, ಕೆಮ್ಮು ಶುರುವಾದ್ರೆ ಎಲ್ಲ ಬಿಟ್ಟು ಹೊರಗೆ ಬನ್ನಿ. ಉಸಿರಾಟ ಕಷ್ಟವಾದ್ರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಇವೂ ನೆನಪಿರಲಿ

* ಎಣ್ಣೆಸ್ನಾನ, ಸೀಗೆಪುಡಿ ಟಬ್‌ನಲ್ಲಿ ಬೇಡ. ದೀಪಾವಳಿ ಅಭ್ಯಂಜನ ಬಕೆಟ್ ನೀರಲ್ಲೇ ಮುಗಿಯಲಿ.
* ಜೆಟ್ ಮುಳುಗದೆ ಮೋಟಾರ್ ಹಾಕಿದ್ರೆ ಮೋಟಾರ್ ಕೆಡುತ್ತೆ.
* ನೀರು ಎಳೆಯುವ ಕಡೆಯ ಜಾಲರಿ ಒಡೆದಿದ್ರೆ ಟಬ್ ಬಳಸಬೇಡಿ. ಉದ್ದ ಕೂದಲು ಸಿಕ್ಕಿಕೊಂಡು ತಲೆ ನೀರೊಳಗೇ ಉಳಿಯುವ ಅಪಾಯವಿದೆ.
* ಅರ್ಥಿಂಗ್ ಸರಿ ಇದೆಯಾ, 30 ಮಿಲಿಆಂಪ್‌ನ ಆರ್‌ಸಿಸಿಬಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ರ ನೋಡಿಸಿ.
* ವಾರಗಟ್ಟಲೆ ಬಳಸದೇ ಇದ್ದ ಟಬ್ ಆದ್ರೆ ಮೊದಲು ಮೇಲಿನ ನಾಲ್ಕೂ ಹಂತ ಮುಗಿಸಿ, ಆಮೇಲೆ ಇಳಿಯಿರಿ.
* ಹೊಸದಾಗಿ ಹಾಕಿಸುವವರು ಮೋಟಾರ್ ಇರುವ ಕಡೆ ಟೈಲ್ಸ್ ಪೂರ್ತಿ ಮುಚ್ಚಿಸದೆ ಒಂದು ಸಣ್ಣ ಬಾಗಿಲು ಬಿಡಿಸಿ. ಇಲ್ಲದಿದ್ರೆ ರಿಪೇರಿಗೆ ಗೋಡೆ ಒಡೆಯಬೇಕಾಗುತ್ತೆ.