ಮಿಷನ್ನು ಯಾಕೆ ಗುಂಡಿಗೆ ಇಳಿಯಲಿಲ್ಲ?

ವಿಜ್ಞಾನಕ್ಕೆ ಜಾತಿ ಇಲ್ಲ ಅಂತ ನಮ್ಮ ಮೇಷ್ಟ್ರುಗಳು ಪಾಠ ಮಾಡ್ತಾರೆ. ಮಾಡಲಿ, ತಪ್ಪಲ್ಲ. ಆದರೆ ಒಂದು ಸಲ ಹೆಬ್ಬಾಳ ದಾಟಿ, ಬಳ್ಳಾರಿ ರಸ್ತೆಯಲ್ಲಿ ಬ್ಯಾಟರಾಯನಪುರಕ್ಕೆ ಬಂದು ನಿಂತು ನೋಡಲಿ.

ಒಂದು ಪಕ್ಕಕ್ಕೆ ಜಿಕೆವಿಕೆ, ಹೊಸ ರಾಗಿ ತಳಿಗಳು ಹುಟ್ಟುವ ಕೃಷಿ ವಿಶ್ವವಿದ್ಯಾಲಯ. ಇನ್ನೊಂದು ಪಕ್ಕಕ್ಕೆ ಜಕ್ಕೂರು. ಅಲ್ಲಿ 1940ರ ದಶಕದ ಕೊನೆಯಲ್ಲಿ ಶುರುವಾದ ಸರಕಾರದ ವಿಮಾನ ತರಬೇತಿ ಶಾಲೆ ಇದೆ, 1989ರಲ್ಲಿ ಹುಟ್ಟಿದ ಜವಾಹರಲಾಲ್ ನೆಹರೂ ಹೆಸರಿನ ಉನ್ನತ ವಿಜ್ಞಾನ ಕೇಂದ್ರ ಇದೆ. ಇಷ್ಟು ವಿಜ್ಞಾನ ಇಷ್ಟು ಸಣ್ಣ ಜಾಗದಲ್ಲಿ ನಾಡಿನ ಬೇರೆ ಎಲ್ಲಿ ಸಿಕ್ಕೀತು? ಆದರೂ 2007ರಲ್ಲಿ ಬೆಂಗಳೂರು ಮಹಾನಗರಕ್ಕೆ ಸೇರಿದ ಈ ಬ್ಯಾಟರಾಯನಪುರ ನಗರಸಭೆಯ ಸೀಮೆಯಲ್ಲಿ, ಅದರ ಸುತ್ತಲ ಹಳ್ಳಿಗಳಲ್ಲಿ, ಎಷ್ಟೋ ಕಡೆ ಅಪಾರ್ಟ್‌ಮೆಂಟು ಮೊದಲು ಎದ್ದಿತು, ಒಳಚರಂಡಿ ಆಮೇಲೆ ಬಂತು. ನಡುವಿನ ವರ್ಷಗಳಲ್ಲಿ ಗುಂಡಿ ತುಂಬಿದಾಗ ಯಾರಿಗೆ ಹೇಳಿಕಳಿಸಿದರು? ವಿಜ್ಞಾನಿಗೆ ಅಲ್ಲ. ಅವರು ಯಾರಿಗೆ ಹೇಳಿಕಳಿಸಿದರು ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ಯಾಕೆ ಹಾಗೆ ಅಂತ ತಿಳಿಯಬೇಕಾದರೆ ಸ್ವಲ್ಪ ಚರಿತ್ರೆ ಕೆದಕಬೇಕು.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪ್ಲೇಗಿನ ಕೆಲಸಕ್ಕೆ ಅಂತ ಟೆಲಿಫೋನ್ ತಂತಿ ಎಳೆದರು. ಇಕ್ಕಟ್ಟಿನ ಪೇಟೆ ಬಿಟ್ಟು ಜನ ಹೊರಗೆ ಬರಲಿ ಅಂತ ಮಲ್ಲೇಶ್ವರ, ಬಸವನಗುಡಿಗಳನ್ನು ಬೆಳೆಸಿದರು. ನೇರ ರಸ್ತೆ, ಗಾಳಿ ಬೆಳಕಿನ ನಿವೇಶನ, ಎಲ್ಲ ಆರೋಗ್ಯಶಾಸ್ತ್ರದ ಪ್ರಕಾರ. ಆದರೆ ಆ ನಕಾಶೆಯಲ್ಲಿ ಇನ್ನೊಂದು ಗೆರೆ ಇತ್ತು. ಮನೆಗಳ ಬೆನ್ನಿಗೆ ಒಂದು ಸಣ್ಣ ಓಣಿ. ಅದರ ಹೆಸರು ಕನ್ಸರ್ವೆನ್ಸಿ ಓಣಿ. ತೋಟಿ ಆ ಓಣಿಯಲ್ಲಿ ಬರಬೇಕು, ಪಾಯಖಾನೆಯ ಹಿಂದಿನ ಕಿಂಡಿಯಿಂದ ಹೇಲು ಬಳಿದುಕೊಳ್ಳಬೇಕು, ಡಬ್ಬ ಹೊತ್ತು ಅದೇ ಓಣಿಯಲ್ಲಿ ಹೋಗಬೇಕು. ಮನೆಯವರಿಗೆ ಅವನ ಮುಖ ಕಾಣಕೂಡದು.

ಹಳ್ಳಿಯಲ್ಲಿ ನಮ್ಮ ಕೇರಿ ಊರಾಚೆ ಇತ್ತು. ಪೇಟೆಯಲ್ಲಿ ಅದನ್ನೇ ಸ್ಕೇಲು ಹಿಡಿದು ಮನೆಯ ಹಿಂದಕ್ಕೆ ಎಳೆದರು. ಯಾವ ಇಂಜಿನಿಯರನೂ ಇದಕ್ಕಾಗಿ ಮನುಸ್ಮೃತಿ ತೆರೆಯಬೇಕಾಗಿರಲಿಲ್ಲ. ಜಾತಿ ಆಗಲೇ ಅವನ ಪೆನ್ಸಿಲ್ಲಿನೊಳಗೆ ಕೂತಿತ್ತು. ಇವತ್ತು ಬೆಂಗಳೂರಿನ ಪೌರಕಾರ್ಮಿಕರಲ್ಲಿ ತೆಲುಗು ಮಾತಾಡುವ ಮಾದಿಗರು ದೊಡ್ಡ ಸಂಖ್ಯೆಯಲ್ಲಿರುವುದು ಸುಮ್ಮನೆ ಆದದ್ದಲ್ಲ. ಓಣಿ ಮಾಡಿದ ಮೇಲೆ ಓಣಿಗೆ ಜನ ಬೇಕಲ್ಲ!

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ದೂರ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂತು. ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುವ ಚರಿತ್ರೆ ಇದು. ತೋಟಿಯ ತಲೆಯ ಮೇಲಿನ ಡಬ್ಬ ಮಾತ್ರ ಇಳಿಯಲಿಲ್ಲ. ಕತ್ತಲಲ್ಲಿ ಹೊರುತ್ತಿದ್ದದ್ದನ್ನು ಅವನು ಕರೆಂಟಿನ ಬೆಳಕಲ್ಲಿ ಹೊತ್ತ.

ಆ ಡಬ್ಬಕ್ಕೆ ಕೈ ಹಾಕಿದವರು ಬಿ. ಬಸವಲಿಂಗಪ್ಪನವರು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಮಂತ್ರಿಮಂಡಲದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದಾಗ, ತಲೆಯ ಮೇಲೆ ಮಲ ಹೊರಿಸುವುದನ್ನು ನಿಲ್ಲಿಸಲು ಹೊರಟರು. 1973ರ ನವೆಂಬರಿನ ಬೂಸಾ ಗಲಾಟೆ ಎಲ್ಲರಿಗೂ ನೆನಪಿದೆ. ಅದೇ ಮನುಷ್ಯ ಡಬ್ಬ ಇಳಿಸಿದ್ದು ಎಷ್ಟು ಪಠ್ಯಪುಸ್ತಕದಲ್ಲಿದೆ? 1976ರಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಬದುಕಿನ ಬಗ್ಗೆ ವರದಿ ಕೊಟ್ಟಿತು. ಅದರ ಗತಿ ಏನಾಯ್ತು ಅಂತ ಪೌರಕಾರ್ಮಿಕರ ಕಾಲೊನಿಗೆ ಹೋಗಿ ಕೇಳಿ, ಅವರೇ ಹೇಳ್ತಾರೆ.

ಡಬ್ಬ ತಲೆಯಿಂದ ಇಳಿಯಿತು. ಆದರೆ ಮನುಷ್ಯನೇ ಗುಂಡಿಗೆ ಇಳಿದ. ಫ್ಲಶ್ಶು, ಸೆಪ್ಟಿಕ್ ಟ್ಯಾಂಕು, ಮ್ಯಾನ್‌ಹೋಲು ಇವೆಲ್ಲ ಹೊಸ ತಂತ್ರಜ್ಞಾನವೇ. ಮೇಲಿನವರಿಗೆ ತಮ್ಮ ಹೊಲಸು ಕಣ್ಣಿಗೆ ಬೀಳದ ಹಾಗೆ ಮಾಡಿದವು. ಕೆಳಗೆ ಅದೇ ಹೊಲಸು ಗಾಳಿಯಿಲ್ಲದೆ ಕೊಳೆತು ಹೈಡ್ರೋಜನ್ ಸಲ್ಫೈಡ್ ಆಗುತ್ತೆ. ಇದು ಗಾಳಿಗಿಂತ ಭಾರ, ಗುಂಡಿಯ ತಳದಲ್ಲೇ ಕೂರುತ್ತೆ. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ನಾತ. ಹೆಚ್ಚಾದರೆ ಮೂಗೇ ಸತ್ತುಹೋಗಿ ನಾತವೂ ತಿಳಿಯಲ್ಲ. ಇಳಿದವನು ಬಿದ್ದ ಅಂತ ಇನ್ನೊಬ್ಬ ಇಳೀತಾನೆ, ಅವನನ್ನೆತ್ತಲು ಮತ್ತೊಬ್ಬ. ಪ್ಯಾರಿಸ್ಸಿನ ವೈದ್ಯರು ಇಂಥ ಸಾವುಗಳನ್ನು ಹತ್ತೊಂಬತ್ತನೇ ಶತಮಾನದಲ್ಲೇ ಪರೀಕ್ಷೆ ಮಾಡಿ ಬರೆದಿಟ್ಟಿದ್ದಾರೆ. ಹಾಗಾಗಿ ಇದು ಅರಿವಿಲ್ಲದ್ದರಿಂದ ಆಗೋ ಸಾವಲ್ಲ.

2017ರ ಮಾರ್ಚಿನಲ್ಲಿ ಬೆಂಗಳೂರಿನ ಕಗ್ಗದಾಸಪುರದ ಬಳಿ ಮ್ಯಾನ್‌ಹೋಲಿನಲ್ಲಿ ಮೂವರು ಸತ್ತರು. ಆ ಬಡಾವಣೆಯ ಹೆಸರು ಸಿ.ವಿ. ರಾಮನ್ ನಗರ. ನೊಬೆಲ್ ಪಡೆದ ವಿಜ್ಞಾನಿಯ ಹೆಸರು! 2018ರ ಜನವರಿಯಲ್ಲಿ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟೊಂದರಲ್ಲಿ ಮತ್ತೆ ಮೂವರು. ಇವರು ಸತ್ತದ್ದು ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ. ಪರಿಸರ ಉಳಿಸಲು ಕಟ್ಟಿದ ಯಂತ್ರವೇ ಅವರ ಗೋರಿಯಾಯಿತು.

ಕಾನೂನು ಇರಲಿಲ್ಲವೆ? ಇತ್ತು. 1993ರ ಕೇಂದ್ರ ಕಾಯ್ದೆ ಬೇಕು ಅಂತ ಕೇಳಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೂ 2010ರ ಜುಲೈನಲ್ಲಿ ಸವಣೂರಿನ ಭಂಗಿ ಕುಟುಂಬದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. 2011ರಲ್ಲಿ ಕೆಜಿಎಫ್‌ನ ಗಣಿ ಕಾಲೊನಿಗಳಲ್ಲಿ ಮಲ ಕೈಯಲ್ಲೇ ಬಳಿಯುವುದು ಬಯಲಿಗೆ ಬಂತು. 1902ರಲ್ಲೇ ವಿದ್ಯುತ್ತು ಕಂಡ ಊರು ಅದೇ ಕೆಜಿಎಫ್! ಚಿನ್ನ ಎತ್ತಲು ಯಂತ್ರ ಬಂದು ನೂರು ವರ್ಷವಾಗಿತ್ತು, ಹೇಲು ಎತ್ತಲು ಮಾತ್ರ ಕೈಯೇ ಗತಿ.

2013ರಲ್ಲಿ ಹೊಸ ಕಾಯ್ದೆ ಬಂತು, ಬಾಬಾಸಾಹೇಬರ ಪರಿನಿಬ್ಬಾಣದ ದಿನ, ಡಿಸೆಂಬರ್ 6ರಂದು ಜಾರಿಯಾಯಿತು. ಅದರೊಳಗೊಂದು ವಿವರಣೆಯಿದೆ. ಸರಕಾರ ಗೊತ್ತುಮಾಡಿದ ಸಲಕರಣೆ, ರಕ್ಷಣೆಯ ಉಡುಪು ಕೊಟ್ಟು ಮಲ ತೆಗೆಸಿದರೆ, ತೆಗೆಯುವವನನ್ನು ಮಲ ಹೊರುವವನು ಅಂತ ಕರೆಯುವಂತಿಲ್ಲ. ನೋಡಿ, ಗ್ಲೌಸು ತೊಡಿಸಿದ ಕೂಡಲೆ ಮಲ ಹೊರುವ ಪದ್ಧತಿ ಮಾಯ! ತಂತ್ರಜ್ಞಾನ ಬಿಡುಗಡೆಯಾಗುವ ಬದಲು ಬರೀ ವ್ಯಾಖ್ಯಾನವಾದದ್ದು ಹೀಗೆ. ಸುಪ್ರೀಂ ಕೋರ್ಟು ಸತ್ತವರ ಮನೆಯವರಿಗೆ 2014ರಲ್ಲಿ 10 ಲಕ್ಷ ಅಂದಿತು, 2023ರಲ್ಲಿ 30 ಲಕ್ಷ ಅಂದಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಗುಂಡಿಗೆ ಇಳಿಸುವುದನ್ನು ನಿಲ್ಲಿಸಿ ಅಂತ ಮತ್ತೆ ಆಜ್ಞೆ ಮಾಡಬೇಕಾಯಿತು. 1993ರ ಮೇಲೆ ಮೂವತ್ತೆರಡು ವರ್ಷ!

ಯಂತ್ರ ಇಲ್ಲ ಅನ್ನುವಂತಿಲ್ಲ. ಜೆಟ್ಟಿಂಗ್ ಮಿಷನ್ನು ಇದೆ, ಹೀರುವ ಟ್ಯಾಂಕರು ಇದೆ. 2018ರಲ್ಲಿ ಕೇರಳದ ಹುಡುಗರು ಮ್ಯಾನ್‌ಹೋಲಿಗೆ ಇಳಿಯುವ ರೋಬೋಟನ್ನೇ ಮಾಡಿ ಕೆಲಸಕ್ಕೆ ಹಚ್ಚಿದರು. 2023ರ ಆಗಸ್ಟಿನಲ್ಲಿ ಇದೇ ಬೆಂಗಳೂರಲ್ಲಿ ಕೂತು ಚಂದ್ರನ ಮೇಲೆ ಮಿಷನ್ನು ಇಳಿಸಿದರು. ಹಾಗಾದರೆ ಹದಿನೈದು ಅಡಿಯ ಗುಂಡಿಗೆ ಅದು ಯಾಕೆ ಇಳಿಯಲ್ಲ? ಮಿಷನ್ನಿಗೆ ಬಾಡಿಗೆ ಇದೆ, ಡೀಸೆಲ್ ಬೇಕು, ಕೆಟ್ಟರೆ ರಿಪೇರಿ ಮಾಡಿಸಬೇಕು. ನಮ್ಮ ಹುಡುಗ ಕೆಟ್ಟರೆ ಇನ್ನೊಬ್ಬ ಸಿಗ್ತಾನೆ. ಜಾತಿ ಮನುಷ್ಯನನ್ನು ಎಲ್ಲಿ ಇಷ್ಟು ಅಗ್ಗ ಮಾಡಿಟ್ಟಿದೆಯೋ ಅಲ್ಲಿ ಯಂತ್ರ ತಾನಾಗಿ ಬರಲ್ಲ.

ಹಾಗಂತ ನಾವು ಯಂತ್ರದ ವೈರಿಗಳಲ್ಲ. ದುಡಿಯುವವನಿಗೆ ಮೃಗದ ಬಾಳಿನಿಂದ ಬಿಡುವು ಸಿಗಬೇಕಾದರೆ ಯಂತ್ರ ಬೇಕು ಅಂತ 1945ರಲ್ಲೇ ಅಂಬೇಡ್ಕರರು ಗಾಂಧಿವಾದಿಗಳೊಂದಿಗೆ ವಾದ ಹೂಡಿದ್ದರು. ಯಂತ್ರ ಬಂದರೆ ನಮ್ಮವರ ಕೂಳು ಹೋಗುತ್ತೆ ಅನ್ನುವ ಭಯವೂ ಸುಳ್ಳಲ್ಲ. ಅದಕ್ಕೇ ನಮ್ಮ ಒತ್ತಾಯ ಎರಡು. ಮಿಷನ್ನು ಬರಬೇಕು, ಮತ್ತು ಇಷ್ಟು ದಿನ ಗುಂಡಿಗೆ ಇಳಿದವರೇ ಅದರ ಒಡೆಯರೂ ಚಾಲಕರೂ ಆಗಬೇಕು. ಮಾಲೀಕ ಮೇಲಿನವನಾಗಿ, ಪೈಪು ಹಿಡಿಯೋನು ನಮ್ಮವನೇ ಆದರೆ ಅದು ಕನ್ಸರ್ವೆನ್ಸಿ ಓಣಿಯ ಇನ್ನೊಂದು ನಕಾಶೆ ಅಷ್ಟೆ.

ಹಳ್ಳಿ ಶಾಲೆಯ ಮೇಷ್ಟ್ರುಗಳಲ್ಲಿ ಕೊನೆಗೊಂದು ಮಾತು. ಹೈಡ್ರೋಜನ್ ಸಲ್ಫೈಡ್ ಪಾಠ ಮಾಡುವಾಗ ಕೊಳೆತ ಮೊಟ್ಟೆಯ ವಾಸನೆ ಅಂತ ಹೇಳಿ ನಿಲ್ಲಿಸಬೇಡಿ. ಇದು ಯಾರ ಮೂಗಿಗೆ ಹೋಗುತ್ತೆ, ಅವರನ್ನು ಯಾರು ಇಳಿಸ್ತಾರೆ ಅಂತ ಮಕ್ಕಳನ್ನು ಕೇಳಿ. ಕೊನೇ ಬೆಂಚಿನಲ್ಲಿ ಕೂತ ಒಬ್ಬ ಹುಡುಗನಿಗೆ ಉತ್ತರ ಗೊತ್ತಿರುತ್ತೆ. ಅವನು ಹೇಳಲಿ, ಉಳಿದವರು ಕೇಳಲಿ.