ಉದ್ಯಾನದ ಅಡಿಯ ಊರು

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕು 843 ಎಕರೆ. ದೋಣಿ ನಡೆಸುವ ಕೆರೆ, ಮೃಗಾಲಯ, ಚಳಿಗಾಲಕ್ಕೆ ಮಂಜುಗಡ್ಡೆಯ ಮೇಲೆ ಜಾರುವ ಅಂಗಳ, ಮಕ್ಕಳಿಗೆ ನಮ್ಮ ಜಾತ್ರೆಯಲ್ಲಿರುವಂಥ ಗರಗರ ತಿರುಗುವ ಮರದ ಕುದುರೆಗಳು. ಈ ಕುದುರೆಯಾಟ ಮೊದಲು ಬಂದದ್ದು 1871ರಲ್ಲಿ. ಆಗ ಯಂತ್ರವಿಲ್ಲ, ನೆಲದಡಿಯಲ್ಲಿ ಕಟ್ಟಿದ ಪ್ರಾಣಿ ಸುತ್ತಿದರೆ ಮೇಲಿನ ಕುದುರೆಗಳು ಓಡುತ್ತಿದ್ದವು. ಮೇಲೆ ಕೂತ ಮಗುವಿಗೆ ಕೆಳಗಿನ ಜೀವ ಕಾಣುತ್ತಿರಲಿಲ್ಲ. ಈ ಪಾರ್ಕಿನ ಚರಿತ್ರೆಯನ್ನೂ ನಾವು ಕೆಳಗಿನಿಂದಲೇ ನೋಡಬೇಕು.

ಪಾರ್ಕಿನ ಪಶ್ಚಿಮದಲ್ಲಿ, 82ರಿಂದ 89ನೇ ಬೀದಿಗಳ ನೇರಕ್ಕೆ, ಸೆನೆಕಾ ವಿಲೇಜ್ ಅನ್ನೋ ಊರಿತ್ತು. 1825ರಲ್ಲಿ ಆಂಡ್ರ್ಯೂ ವಿಲಿಯಮ್ಸ್ ಎಂಬ ಕಪ್ಪು ಜನಾಂಗದ ತರುಣ 125 ಡಾಲರ್ ಕೊಟ್ಟು ಅಲ್ಲಿ ಮೂರು ನಿವೇಶನ ಕೊಂಡ. ಕಸುಬು ಬೂಟು ಪಾಲಿಶ್. ಆ ರಾಜ್ಯದಲ್ಲಿ ಗುಲಾಮಗಿರಿ ಕೊನೆಯಾದದ್ದೇ 1827ರಲ್ಲಿ. ಮನುಷ್ಯನೇ ಇನ್ನೊಬ್ಬನ ಆಸ್ತಿಯಾಗಿದ್ದ ಕಾಲದಲ್ಲಿ ಈತ ಆಸ್ತಿ ಮಾಡಿದ! ಅದು ಬರೀ ಸೂರಿನ ಮಾತಲ್ಲ. 1821ರ ರಾಜ್ಯ ಸಂವಿಧಾನದ ಪ್ರಕಾರ ಕಪ್ಪು ಗಂಡಸು ಓಟು ಹಾಕಬೇಕಾದರೆ 250 ಡಾಲರ್ ಬೆಲೆಯ ಆಸ್ತಿ ಇರಬೇಕು. ಬಿಳಿಯರಿಗೆ ಈ ಷರತ್ತಿಲ್ಲ. (ಹೆಂಗಸರಿಗೆ, ಯಾವ ಬಣ್ಣದವರಾದರೂ, ಓಟೇ ಇಲ್ಲ.) ಅಂಥಲ್ಲಿ ತುಂಡು ನೆಲ ಕೊಳ್ಳುವುದೆಂದರೆ ಓಟಿನ ಹತ್ತಿರಕ್ಕೆ ಹೋಗುವುದು.

1855ರ ಹೊತ್ತಿಗೆ ಸುಮಾರು 225 ಜನ. ಮೂರರಲ್ಲಿ ಎರಡು ಪಾಲು ಕಪ್ಪು ಜನ. ಉಳಿದವರು ಹೆಚ್ಚಾಗಿ ಐರ್ಲೆಂಡಿನಿಂದ ಬಂದ ಬಡವರು. ಮೂರು ಚರ್ಚು, ಒಂದು ಶಾಲೆ.

ಲಂಡನ್, ಪ್ಯಾರಿಸ್‌ಗಳಲ್ಲಿರುವಂಥ ಉದ್ಯಾನ ನಮಗೂ ಬೇಕು ಅಂತ ನಗರದ ಸಿರಿವಂತರು ಹಟ ಹಿಡಿದರು. 1853ರಲ್ಲಿ ನೆಲ ವಶಪಡಿಸಿಕೊಳ್ಳುವ ಕಾನೂನು ಬಂತು. ಪತ್ರಿಕೆಗಳು ಅಲ್ಲಿನ ಜನರನ್ನು ಒತ್ತುವರಿದಾರರು, ಕೊಳಕು ಗುಡಿಸಲಿನವರು ಅಂತ ಬರೆದವು. ಕ್ರಯಪತ್ರ ಕೈಯಲ್ಲಿದ್ದವರೂ ಒತ್ತುವರಿದಾರರಂತೆ! ಈ ಮಾತು ನಮಗೇನು ಹೊಸದೇ? ವಿಲಿಯಮ್ಸ್ 3,500 ಡಾಲರ್ ಕೇಳಿದ, ಬಂದದ್ದು 2,335. ಕೊಟ್ಟ ಹಣಕ್ಕಿಂತ ಎಷ್ಟೋ ಪಾಲು ಹೆಚ್ಚು ಬಂತಲ್ಲ ಅನ್ನುವವರಿದ್ದಾರೆ. ಚರ್ಚು, ಶಾಲೆ, ನೆರೆಹೊರೆ ಸೇರಿದ ಊರಿಗೆ ಯಾವ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ? 1857ರಲ್ಲಿ ಎಲ್ಲರನ್ನೂ ಒಕ್ಕಲೆಬ್ಬಿಸಿದರು. ಇಡೀ ಪಾರ್ಕಿಗಾಗಿ ಎದ್ದುಹೋದವರು ಸುಮಾರು 1,600 ಜನ. ಸೆನೆಕಾ ವಿಲೇಜ್ ಮತ್ತೆಲ್ಲೂ ಊರಾಗಿ ಕೂಡಲಿಲ್ಲ. ಓಮ್‌ಸ್ಟೆಡ್ ಮತ್ತು ವಾಕ್ಸ್ ಅವರ ಪ್ರಸಿದ್ಧ ನಕ್ಷೆ ಆಯ್ಕೆಯಾದದ್ದು ಮರುವರ್ಷ.

ಅಲ್ಲಿ ಇಂಥದೊಂದು ಊರಿತ್ತು ಅಂತ ಪಾರ್ಕಿನಲ್ಲಿ ಫಲಕ ಹಾಕಲು 2001 ಬರಬೇಕಾಯ್ತು. 2011ರಲ್ಲಿ ಪುರಾತತ್ವಜ್ಞರು ಅಗೆದಾಗ ಚರ್ಚಿನ ಪರಿಚಾರಕನೊಬ್ಬನ ಮನೆಯ ಕಲ್ಲಿನ ತಳಪಾಯ ಸಿಕ್ಕಿತು. ಜೊತೆಗೆ ಕಬ್ಬಿಣದ ಟೀ ಕೆಟಲು, ಪಿಂಗಾಣಿ ಚೂರುಗಳು, ಒಂದು ಮಗುವಿನ ಚರ್ಮದ ಜೋಡು.